ಮಗಳ ಶಿಕ್ಷಣ ಸಾಲದ ಬಡ್ಡಿ, ಮಗನ ಪಿಯು ಫೀ: 2025–26ಕ್ಕೆ ಹಳೇ ತೆರಿಗೆ ಪದ್ಧತಿನೋ, ಹೊಸದೋ?

ಸಾಧನಕೇರಿ_ಧಾರವಾಡ

ತಿಂಗಳ ಕೊನೆಯೊಳಗೆ ಫಾರ್ಮ್ 12ಬಿಬಿ (ತೆರಿಗೆ ಕಡಿತಗಳ ವಿವರ ಬರೆದುಕೊಡುವ ಫಾರ್ಮ್), ಜೊತೆಗೆ ಎಲ್ಲ ಪಾವತಿಗಳನ್ನೂ (ರಸೀದಿ) ಕೊಡಬೇಕು ಅಂತ ಡಿಡಿಒ (ಪಗಾರ ಬಟವಾಡೆ ಅಧಿಕಾರಿ) ಕಚೇರಿಯಿಂದ ಹೇಳಿದ್ದಾರೆ. ಕೊಡದಿದ್ದರೆ ಬಾಕಿ ಟಿಡಿಎಸ್ (ಪಗಾರದಲ್ಲೇ ಮುರಿದುಕೊಳ್ಳುವ ತೆರಿಗೆ) ಪೂರ್ತಿ ಫೆಬ್ರುವರಿ ಪಗಾರದಲ್ಲೇ ಹಿಡೀತಾರೆ. ತಿಳಿದವರು ಲೆಕ್ಕ ನೋಡಿ ಹೇಳಿ.

ನಾನು ಪಿಯು ಉಪನ್ಯಾಸಕ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಟ್ಟು ಪಗಾರ 15,60,000. ಮನೆಯವರು ಪ್ರಾಥಮಿಕ ಶಾಲೆ ಶಿಕ್ಷಕಿ, 8,40,000. ನನ್ನ ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಜಿಪಿಎಫ್ (ಭವಿಷ್ಯ ನಿಧಿ), ಮನೆ ಸಾಲದ ಅಸಲು ಮೂರೂ ಕೂಡಿ 1,32,000. ಮನೆ ಸಾಲದ ಬಡ್ಡಿ 1,40,000, ಆರೋಗ್ಯ ವಿಮೆ 25,000. ಇರುವುದು ಸ್ವಂತ ಮನೆಯಲ್ಲೇ.

ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಗ್ರಾಮೀಣ ಬ್ಯಾಂಕಿನಲ್ಲಿ 8 ಲಕ್ಷ ಶಿಕ್ಷಣ ಸಾಲ ಮಂಜೂರಾಗಿದೆ, ವರ್ಷಕ್ಕೆ 2 ಲಕ್ಷದಂತೆ ಬಿಡುಗಡೆ. ಸಾಲ ಅವಳ ಹೆಸರಲ್ಲಿ, ನಾನು ಸಹ-ಸಾಲಗಾರ. ಹೋದ ವರ್ಷದಿಂದ ಬಡ್ಡಿಯನ್ನು ನನ್ನ ಖಾತೆಯಿಂದಲೇ ಕಟ್ಟುತ್ತಾ ಬಂದಿದ್ದೇನೆ. ಈ ಸಾಲಿಗೆ 38,600 ಆಗುತ್ತೆ.

ಮಗ ಧಾರವಾಡದಲ್ಲೇ ಪಿಯು ಸೈನ್ಸ್ ಮೊದಲ ವರ್ಷ. 1,18,400 ಕಟ್ಟಿದ್ದಕ್ಕೆ ಎರಡು ಪಾವತಿ ಕೊಟ್ಟಿದ್ದಾರೆ. ಮೊದಲನೆಯದರಲ್ಲಿ ಬೋಧನಾ ಶುಲ್ಕ 28,000, ಪ್ರಯೋಗಾಲಯ 6,000, ವಾಚನಾಲಯ 1,500, ಅಭಿವೃದ್ಧಿ ಶುಲ್ಕ 12,000, ಸಮವಸ್ತ್ರ ಮತ್ತು ಗುರುತಿನ ಚೀಟಿ 6,000. ಎರಡನೆಯದು ನೀಟ್-ಸಿಇಟಿ ಕೋಚಿಂಗ್‌ದು, 64,900.

ಮಗನ ಫೀಯಲ್ಲಿ ಎಷ್ಟನ್ನು ತೋರಿಸಬಹುದು? ಸಾಲ ಮಗಳ ಹೆಸರಲ್ಲಿದ್ದರೆ ಬಡ್ಡಿಯ ವಿನಾಯಿತಿ ನನಗೆ ಸಿಗುತ್ತದೆಯೇ? ಇಷ್ಟೆಲ್ಲ ತೋರಿಸಿದ ಮೇಲೆ ಹಳೇ ಪದ್ಧತಿಯೇ ಲಾಭ ಅಲ್ಲವೇ?

ನವನಗರ_ಲೆಕ್ಕ

ಮೂರನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳಿ. ಅದು ಬಗೆಹರಿದರೆ ಮೊದಲಿನ ಎರಡಕ್ಕೆ ಈ ವರ್ಷ ಕೆಲಸವೇ ಉಳಿಯುವುದಿಲ್ಲ, ಏಕೆಂದರೆ ಫೀ, ಶಿಕ್ಷಣ ಸಾಲದ ಬಡ್ಡಿಯಂಥ ಕಡಿತಗಳು ಹೊಸ ಪದ್ಧತಿಯಲ್ಲಿ ಇಲ್ಲ.

ಹೊಸ ಪದ್ಧತಿ: 15,60,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಪಗಾರದಾರರಿಗೆ ಸಿಗುವ ನಿಗದಿತ ಕಡಿತ) 75,000 ಕಳೆದರೆ 14,85,000. ಮೊದಲ 4 ಲಕ್ಷಕ್ಕೆ ಏನಿಲ್ಲ. 4ರಿಂದ 8 ಲಕ್ಷಕ್ಕೆ ಶೇ.5ರಂತೆ 20,000, 8ರಿಂದ 12ಕ್ಕೆ ಶೇ.10ರಂತೆ 40,000, ಮೇಲಿನ 2,85,000ಕ್ಕೆ ಶೇ.15ರಂತೆ 42,750. ಒಟ್ಟು 1,02,750, ಶೇ.4 ಸೆಸ್ ಸೇರಿ 1,06,860.

ಹಳೇ ಪದ್ಧತಿ: ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಮಾತ್ರ. ವೃತ್ತಿ ತೆರಿಗೆ 2,500 (ಈ ವರ್ಷದಿಂದ ಫೆಬ್ರುವರಿಯಲ್ಲಿ 300 ಹಿಡೀತಾರೆ, ಅದಕ್ಕೇ 2,400 ಅಲ್ಲ). ಉಳಿದದ್ದು 15,07,500. ಅದರಲ್ಲಿ 80ಸಿ ಕಲಮಿನ ಮಿತಿ ಪೂರ್ತಿ 1,50,000 (ನಿಮ್ಮ 1,32,000, ಉಳಿದ 18,000 ಮಗನ ಬೋಧನಾ ಶುಲ್ಕದಿಂದ), ಮನೆ ಸಾಲದ ಬಡ್ಡಿ 1,40,000, ವಿಮೆ 25,000, ಶಿಕ್ಷಣ ಸಾಲದ ಬಡ್ಡಿ 38,600 ಕಳೆದರೆ 11,53,900. ತೆರಿಗೆ 1,58,670, ಸೆಸ್ ಸೇರಿ 1,65,017.

ಅಂದರೆ ಎಲ್ಲ ಪಾವತಿ ಜೋಡಿಸಿಕೊಂಡು ಹಳೇ ಪದ್ಧತಿಗೆ ಹೋದರೆ ನೀವು 58,000ಕ್ಕೂ ಹೆಚ್ಚು ಜಾಸ್ತಿ ಕಟ್ಟುತ್ತೀರಿ.

ನಿಮ್ಮ ಪಗಾರಕ್ಕೆ ಎರಡೂ ಪದ್ಧತಿ ಸಮ ಆಗಬೇಕಾದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ವೃತ್ತಿ ತೆರಿಗೆ ಬಿಟ್ಟು 5,56,250 ರೂಪಾಯಿ ಕಡಿತ ಬೇಕು. ನಿಮ್ಮ ಕೈಯಲ್ಲಿರುವುದು 3,53,600. ಬೇರೆ ಏನೂ ಬದಲಾಗದೆ ಶಿಕ್ಷಣ ಸಾಲದ ಬಡ್ಡಿಯೊಂದೇ 2,41,250 ದಾಟಿದರೆ ಹಳೇ ಪದ್ಧತಿ ಗೆಲ್ಲುತ್ತದೆ. 8 ಲಕ್ಷದ ಸಾಲಕ್ಕೆ ಅಷ್ಟು ಬಡ್ಡಿ ಬರುವುದಿಲ್ಲ. ಮಗುವಿಗೆ 25–30 ಲಕ್ಷ ಸಾಲ ಮಾಡಿ ಮೆಡಿಕಲ್ ಓದಿಸುವವರಿಗೆ, ವಿದೇಶಕ್ಕೆ ಕಳಿಸಿದವರಿಗೆ ಈ ಮಾತು ಬೇರೆ. ಶಿಕ್ಷಣ ಸಾಲದ ಬಡ್ಡಿಗೆ ಇರುವ 80ಇ ಕಲಮಿನಲ್ಲಿ ಮೇಲ್ಮಿತಿಯೇ ಇಲ್ಲ, ಅವರು ಹಳೇ ಪದ್ಧತಿಯ ಲೆಕ್ಕವನ್ನು ಮಾಡಿಯೇ ನೋಡಬೇಕು.

ಮನೆಯವರ 8,40,000ಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. 75,000 ಕಳೆದ ಮೇಲೆ 12 ಲಕ್ಷದೊಳಗೆ ಇದ್ದವರಿಗೆ 87ಎ ಕಲಮಿನ ರಿಯಾಯಿತಿ ತೆರಿಗೆಯನ್ನು ಪೂರ್ತಿ ನುಂಗಿಬಿಡುತ್ತದೆ. ಆದ್ದರಿಂದ "ಫೀಯನ್ನು ಹೆಂಡತಿ ಹೆಸರಿಗೆ ತೋರಿಸೋಣ" ಅನ್ನುವ ಸಲಹೆಯನ್ನು ಸ್ಟಾಫ್ ರೂಮಿನಲ್ಲಿ ಯಾರು ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ.

ಉಣಕಲ್_ದಂಡಿ

ಮ್ಯಾಲಿನವರ ಲೆಕ್ಕ ಬರೋಬರಿ ಐತ್ರಿ. ಆದ್ರೂ ಪಾವತಿ ಮಾತು ಹೇಳಿಬಿಡ್ತೀನಿ, ಯಾಕಂದ್ರ ಹಳೇ ಪದ್ಧತಿ ಹಿಡದವರು ಇಲ್ಲೇ ಭಾಳ ಮಂದಿ ಎಡವತಾರ.

ನಿಮ್ಮ 1,18,400ರಾಗ 80ಸಿಗೆ ಬರೂದು ಬೋಧನಾ ಶುಲ್ಕ 28,000 ಅಷ್ಟ. ಅಭಿವೃದ್ಧಿ ಶುಲ್ಕ, ದೇಣಿಗಿ, ಹಂತಾ ಹೆಸರಿಂದು ಏನರ ಇದ್ರ ಕಾನೂನಿನ್ಯಾಗ ಬ್ಯಾಡ ಅಂತನ ಬರದಾರ. ಸಮವಸ್ತ್ರ, ಬಸ್ಸು, ಹಾಸ್ಟೆಲ್, ಮೆಸ್, ತಡಾ ಕಟ್ಟಿದ ದಂಡ ಇವು ಬೋಧನಾ ಶುಲ್ಕ ಅಲ್ಲ. ಅದರಾಗೂ ನಿಮಗ 80ಸಿಯೊಳಗ ಉಳದ ಜಾಗಾ 18,000. ಅಂದ್ರ ಮಗಳ ಫೀ ಬಾಜೂಕ ಇಟ್ರೂ ಮಗಂದ 10,000 ವ್ಯರ್ಥ ಆಗತೈತಿ.

ಕೋಚಿಂಗ್ ಪಾವತಿ ಒಮ್ಮೆ ತಗದ ನೋಡ್ರಿ. 64,900 ಅಂದ್ರ 55,000ಕ್ಕ ಶೇ.18 ಜಿಎಸ್‌ಟಿ 9,900 ಕೂಡಿಸಿದ್ದು. ಮ್ಯಾಲೆ ಕಾಲೇಜಿನ ಹೆಸರು ಇರೂದಿಲ್ಲ, ಬ್ಯಾರೆ ಸಂಸ್ಥಾ ಹೆಸರು, ಕೆಳಗ 29ರಿಂದ ಸುರು ಆಗೂ ಜಿಎಸ್‌ಟಿ ನಂಬರು. ಪಿಯು ಪಾಠಕ್ಕ ಜಿಎಸ್‌ಟಿ ಇಲ್ಲ, ಕೋಚಿಂಗಿಗೆ ಐತಿ. ಪಾವತಿ ಮ್ಯಾಲೆ ಶೇ.18 ಕಂಡ್ರ ಅದು 80ಸಿಗೆ ಆಗಿಬರೂದಿಲ್ಲ ಅಂತ ತಿಳ್ಕೋರಿ. ಒಂದ ಕಟ್ಟಡದಾಗ, ಒಂದ ಬೆಂಚಿನ ಮ್ಯಾಲೆ ಕುಂತು ಕಲತ್ರೂ ಲೆಕ್ಕ ಎರಡು.

ಇನ್ನೊಂದು. ಕೆಲವು ಕಡೆ ಕೇಳಿದ್ರ ಪೂರ್ತಿ ರೊಕ್ಕಾನ "ಟ್ಯೂಷನ್ ಫೀ" ಅಂತ ಒಂದ ಸಾಲಿನ್ಯಾಗ ಬರದು ಕೊಡತಾರ. ತಗೋಬ್ಯಾಡ್ರಿ. ಶಾಲಿಯ ಅಧಿಕೃತ ಫೀ ಪಟ್ಟಿ ಜೋಡಿ ತಾಳೆ ಹಾಕಿದ್ರ ಸಿಕ್ಕೊಳ್ಳೂದು ನೀವು, ಬರಕೊಟ್ಟವರಲ್ಲ.

ನವನಗರ_ಲೆಕ್ಕ

ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ಬೋಧನಾ ಶುಲ್ಕದ ಮಿತಿ ಒಬ್ಬ ತೆರಿಗೆದಾರರಿಗೆ ಇಬ್ಬರು ಮಕ್ಕಳು. ಮೂವರು ಇದ್ದರೆ ಇಬ್ಬರನ್ನು ಅಪ್ಪ, ಇನ್ನೊಬ್ಬರನ್ನು ಅಮ್ಮ ತೋರಿಸಬಹುದು. ಯಾರ ಖಾತೆಯಿಂದ ಹೋಗಿದೆಯೋ ಅವರೇ ತೋರಿಸಬೇಕು. ಭಾರತದೊಳಗಿನ ಸಂಸ್ಥೆ, ಪೂರ್ಣಾವಧಿ ಓದು ಆಗಿರಬೇಕು. ಎಲ್‌ಕೆಜಿ, ನರ್ಸರಿ ಕೂಡ ನಡೆಯುತ್ತದೆ. ದೂರಶಿಕ್ಷಣ, ಸಂಜೆ ಕೋರ್ಸು ನಡೆಯುವುದಿಲ್ಲ. ತನ್ನ ಸ್ವಂತ ಓದಿನ ಫೀ, ಹೆಂಡತಿಯ ಬಿ.ಎಡ್. ಫೀ ಇದರಲ್ಲಿ ಬರುವುದಿಲ್ಲ, ಅದಕ್ಕೆ ಸಾಲ ಮಾಡಿದ್ದರೆ ಬಡ್ಡಿ ಮಾತ್ರ 80ಇ ಅಡಿ ಬರುತ್ತದೆ.

ಎರಡನೆಯದು ತಾರೀಖು. ಯಾವ ವರ್ಷದ ಫೀ ಅನ್ನುವುದಕ್ಕಿಂತ ಯಾವ ದಿನ ಕಟ್ಟಿದಿರಿ ಅನ್ನುವುದೇ ಲೆಕ್ಕ. ಜೂನ್ 2026ರ ತರಗತಿಗೆ ಮಾರ್ಚ್ 28, 2026ರಂದು ಕಟ್ಟಿದರೆ ಅದು ಈ ಸಾಲಿನದೇ. ಏಪ್ರಿಲ್ 2ಕ್ಕೆ ಕಟ್ಟಿದರೆ ಮುಂದಿನದು. ಮುಂದಿನದಕ್ಕೆ ಕಲಮಿನ ನಂಬರೂ ಬದಲು: ಏಪ್ರಿಲ್ 1, 2026ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುತ್ತದೆ, ಅದರಲ್ಲಿ 80ಸಿ ಇರುವುದು 123ನೇ ಕಲಮಿನಲ್ಲಿ. ಈಗ ತುಂಬುತ್ತಿರುವ ಫಾರ್ಮಿಗೆ ಹಳೇ ನಂಬರೇ.

ಬೆಟಗೇರಿ_ಗದಗ

80ಇ ವಿಷಯ ಯಾರೂ ಬಿಡಿಸಿಲ್ಲ. ಇವರಿಗೆ ಈ ವರ್ಷ ಬೇಡವಾದರೂ ಸಾಲ ಇನ್ನೂ ಹತ್ತು ವರ್ಷ ಇರುತ್ತದೆ, ತಿಳಿದಿರಲಿ.

ಸಾಲ ಮಗಳ ಹೆಸರಲ್ಲಿದ್ದರೂ ನೀವು ಸಹ-ಸಾಲಗಾರರಾಗಿ ಸಹಿ ಮಾಡಿದ್ದೀರಿ, ಬಡ್ಡಿಯೂ ನಿಮ್ಮ ಖಾತೆಯಿಂದ ಹೋಗುತ್ತಿದೆ, ಹಾಗಾಗಿ ನೀವು ತೋರಿಸಬಹುದು. ಬರೀ ಜಾಮೀನುದಾರರಾಗಿದ್ದರೆ ಆಗುತ್ತಿರಲಿಲ್ಲ, ಸಾಲ ತೆಗೆದುಕೊಂಡವರೇ ಕಟ್ಟಿರಬೇಕು ಎಂಬುದು ಕಲಮಿನ ಮಾತು. ಮಂಜೂರಾತಿ ಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ಒಮ್ಮೆ ಓದಿಕೊಳ್ಳಿ, ಸಹ-ಸಾಲಗಾರ ಮತ್ತು ಜಾಮೀನುದಾರ ಎರಡೂ ಒಂದೇ ಎಂದುಕೊಂಡು ಸಹಿ ಹಾಕಿದವರು ಕಡಿಮೆಯಿಲ್ಲ. ತಮ್ಮನಿಗೆ, ಅಣ್ಣನ ಮಗನಿಗೆ ಮಾಡಿದ ಸಾಲ ಬರುವುದಿಲ್ಲ. ಸ್ವಂತಕ್ಕೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಗೆ, ಇಷ್ಟೇ.

ಸಾಲ ಕೊಟ್ಟವರು ಬ್ಯಾಂಕು ಆಗಿರಬೇಕು, ಇಲ್ಲವೇ ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆ, ಇಲ್ಲವೇ ಅನುಮೋದಿತ ಧರ್ಮಾರ್ಥ ಸಂಸ್ಥೆ. ನಮ್ಮ ಕಡೆ ಫೀ ಕಟ್ಟುವ ದಿನ ಹತ್ತಿರ ಬಂದಾಗ ಸೌಹಾರ್ದ ಸೊಸೈಟಿಗೆ ಓಡುವುದು ರೂಢಿ, ಇಲ್ಲದಿದ್ದರೆ ಬಂಗಾರ ಇಡುವುದು. ಆ ಬಡ್ಡಿ ನಿಜವಾಗಿ ಓದಿಗೇ ಹೋಗಿದ್ದರೂ 80ಇಗೆ ನಿಲ್ಲುವುದಿಲ್ಲ. ಓದು ಕೂಡ ಪಿಯು ಅಥವಾ ಅದಕ್ಕೆ ಸಮಾನವಾದದ್ದು ಪಾಸಾದ ಮೇಲಿನದೇ ಆಗಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿ ನೇರ ಡಿಪ್ಲೊಮಾ ಸೇರಿದ ಹುಡುಗನ ಸಾಲಕ್ಕೆ ಇದು ಅನ್ವಯಿಸುವುದಿಲ್ಲ.

ಈಗ ಮುಖ್ಯ ವಿಷಯ, ಎಂಟು ವರ್ಷದ ಗಡಿಯಾರ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಒಂದು, ಅದರ ಮುಂದಿನ ಏಳು, ಅಷ್ಟಕ್ಕೇ ವಿನಾಯಿತಿ. ನೀವು ವಿನಾಯಿತಿ ಕೇಳಿದಿರೋ ಇಲ್ಲವೋ, ಹೊಸ ಪದ್ಧತಿಯಲ್ಲಿದ್ದಿರೋ ಹಳೆಯದರಲ್ಲೋ, ಗಡಿಯಾರ ಅದನ್ನು ಕೇಳುವುದಿಲ್ಲ. ನೀವು 2024–25ರಲ್ಲಿ ಮೊದಲ ಬಡ್ಡಿ ಕಟ್ಟಿದ್ದೀರಿ. ಹಾಗಾದರೆ ಕೊನೆಯ ವರ್ಷ 2031–32. ಕೋರ್ಸು ಮುಗಿಯುವುದು 2028ರ ಮಧ್ಯಕ್ಕೆ, ಮೇಲೊಂದು ವರ್ಷ ಬಿಡುವು, 2029ರ ಮಧ್ಯದಿಂದ ಕಂತು. ಬಡ್ಡಿ ಅತಿ ಹೆಚ್ಚು ಹೋಗುವ ಕಂತಿನ ವರ್ಷಗಳಲ್ಲಿ ನಿಮಗೆ ಉಳಿಯುವುದು ಮೂರೇ. ಕೋರ್ಸು ನಡೆಯುವಾಗ ಬಡ್ಡಿ ಕಟ್ಟದೆ ಇದ್ದಿದ್ದರೆ ಎಂಟೂ ವರ್ಷ ಕಂತಿನ ಕಾಲಕ್ಕೆ ಸಿಗುತ್ತಿತ್ತು.

ಉಣಕಲ್_ದಂಡಿ

ಇದನ್ನ ಓದಿ ಯಾರೂ ಬಡ್ಡಿ ನಿಲ್ಲಸಬ್ಯಾಡ್ರಿ. ತೆರಿಗಿ ಉಳಸಾಕ ಹೋಗಿ ಬ್ಯಾಂಕಿಗೆ ಕೊಟ್ಟಂಗ ಆಗತೈತಿ.

ಶೇ.10 ಬಡ್ಡಿ, ವರ್ಷಕ್ಕ 2 ಲಕ್ಷ ಬಿಡುಗಡಿ ಅಂತ ಹಿಡೀರಿ. ಮೊದಲನೇ ವರ್ಷ 20,000, ಎರಡನೇದು 40,000, ಆಮ್ಯಾಲೆ 60,000, ನಾಕನೇದು 80,000, ಬಿಡುವಿನ ವರ್ಷ ಮತ್ತ 80,000. ಸಾದಾ ಬಡ್ಡಿನ 2,80,000 ಆತು. ಕಂತು ಸುರು ಆಗೂ ದಿನ ಅದು ಅಸಲಿಗೆ ಕೂಡಿ 8 ಲಕ್ಷ ಇದ್ದದ್ದು 10,80,000 ಆಗತೈತಿ, ಮುಂದ ಬಡ್ಡಿಗೆ ಬಡ್ಡಿ. ಓದೂ ಕಾಲಕ್ಕ ಬಡ್ಡಿ ಕಟ್ಟಕೋತ ಹೋದವರಿಗೆ ಭಾಳ ಬ್ಯಾಂಕಿನವರು ಶೇ.1 ಬಡ್ಡಿ ಕಡಿಮಿನೂ ಮಾಡತಾರ, ಮಂಜೂರಾತಿ ಪತ್ರದಾಗ ಬರದಿರತಾರ, ಹುಡುಕಿ ನೋಡ್ರಿ. ಹೊಸ ಪದ್ಧತಿಯೊಳಗ ಇರೂ ಮನಶ್ಯಾಗ 80ಇನ ಇಲ್ಲ. ಇಲ್ಲದ ವಿನಾಯಿತಿ ಸಲವಾಗಿ ಗಡಿಯಾರ ಕಾಯೂದು ಯಾಕ?

ಬೆಟಗೇರಿ_ಗದಗ

ಒಪ್ಪಿದೆ. ಇವರ ಮಟ್ಟಿಗೆ ಕಟ್ಟುತ್ತಿರುವುದೇ ಸರಿ. ದೊಡ್ಡ ಸಾಲ, ಶೇ.30ರ ಪಟ್ಟಿ, ಹಳೇ ಪದ್ಧತಿ ಮೂರೂ ಕೂಡಿದವರು ಮಾತ್ರ ಎರಡನ್ನೂ ತೂಗಿ ನೋಡಬೇಕು. ಕಲಮನ್ನು ಇದ್ದಂತೆ ಓದಿದರೆ ಗಡಿಯಾರ ಕಟ್ಟುವ ವ್ಯಕ್ತಿಯದು, ಸಾಲದ್ದಲ್ಲ. ಮುಂದೆ ಮಗಳು ಕೆಲಸಕ್ಕೆ ಸೇರಿ ತನ್ನ ಖಾತೆಯಿಂದ ಕಂತು ಕಟ್ಟಿದರೆ ಅವಳ ಎಂಟು ವರ್ಷ ಆಗ ಶುರುವಾಗುತ್ತದೆ. ಅವಳ ಪಗಾರ 12,75,000ದೊಳಗೆ ಇದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ, ಅವಳಿಗೂ ಅದರ ಉಪಯೋಗವಿಲ್ಲ ಅನ್ನುವುದು ಬೇರೆ ಮಾತು.

ವರದಾ_ಹಾವೇರಿ

ಇದೇ ದಾರದಲ್ಲಿ ಕೇಳುತ್ತೇನೆ. ಒಟ್ಟು ಪಗಾರ 12,90,000, ಬಿಡುಗಡೆಯ ಮಿತಿಗಿಂತ 15,000 ಮಾತ್ರ ಹೆಚ್ಚು. 80ಸಿ ಪೂರ್ತಿ ಇದೆ, ಶಿಕ್ಷಣ ಸಾಲದ ಬಡ್ಡಿ 90,000. 15,000 ದಾಟಿದ್ದಕ್ಕೆ 60,000 ಮೇಲೆ ತೆರಿಗೆ ಬೀಳುತ್ತದೆ, ಹಳೆಯದಕ್ಕೆ ಹೋಗಿ ಅನ್ನುತ್ತಾರೆ. ಎನ್‌ಪಿಎಸ್‌ನಲ್ಲಿದ್ದೇನೆ (ರಾಷ್ಟ್ರೀಯ ಪಿಂಚಣಿ ಯೋಜನೆ).

ನವನಗರ_ಲೆಕ್ಕ

ಹಾಗೆ ಬೀಳುವುದಿಲ್ಲ, ಮಾರ್ಜಿನಲ್ ರಿಲೀಫ್ ಇದೆ. 75,000 ಕಳೆದ ಮೇಲೆ 12,15,000. ಪಟ್ಟಿ ಪ್ರಕಾರ ತೆರಿಗೆ 62,250 ಬಂದರೂ, 12 ಲಕ್ಷ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಕೇಳುವಂತಿಲ್ಲ. ಆದ್ದರಿಂದ 15,000, ಸೆಸ್ 600, ಒಟ್ಟು 15,600. ಹಳೇ ಪದ್ಧತಿಯಲ್ಲಿ 80ಸಿ, 80ಇ ಎರಡೂ ಕಳೆದರೂ ಆದಾಯ 9,97,500ಕ್ಕೆ ನಿಲ್ಲುತ್ತದೆ, ತೆರಿಗೆ ಸೆಸ್ ಸೇರಿ 1,16,480.

ಎನ್‌ಪಿಎಸ್ ಅಂದಿದ್ದರಿಂದ ಇನ್ನೊಂದು ನೋಡಿ. ಸರ್ಕಾರ ತನ್ನ ಪಾಲಿನಿಂದ ಕಟ್ಟುವ ಶೇ.14ನ್ನು ಆ 12,90,000ದಲ್ಲಿ ಸೇರಿಸಿ ತೋರಿಸಿದ್ದರೆ, ಅಷ್ಟೂ ಮೊತ್ತವನ್ನು 80ಸಿಸಿಡಿ(2) ಅಡಿ ಹೊಸ ಪದ್ಧತಿಯಲ್ಲೂ ಕಳೆಯಬಹುದು. ಆಗ ನಿಮ್ಮ ತೆರಿಗೆ ಸೊನ್ನೆಯಾಗುತ್ತದೆ. ಸೇರಿಸಿಲ್ಲದಿದ್ದರೆ ಕಳೆಯುವಂತಿಲ್ಲ. ಇದು ಪಗಾರ ಪಟ್ಟಿಯ ಒಂದೇ ಸಾಲು, ಕ್ಲರ್ಕ್ ಹತ್ತಿರ ಕೂತು ನೋಡಿ.

ಗದಗ_ರಸ್ತೆ_ಹುಬ್ಬಳ್ಳಿ

ರೈಲ್ವೆಯವರಿಗೆ ಒಂದು ಸೂಚನೆ. ಮಕ್ಕಳ ಶಿಕ್ಷಣ ಭತ್ಯೆ ತಿಂಗಳಿಗೆ 2,812.50ರಂತೆ ಬಂದರೂ ಹಳೇ ಪದ್ಧತಿಯಲ್ಲಿ ತೆರಿಗೆಯಿಂದ ಬಿಡುಗಡೆ ಇರುವುದು ಮಗುವಿಗೆ ತಿಂಗಳಿಗೆ 100, ಹಾಸ್ಟೆಲ್‌ಗೆ 300, ಅದೂ ಇಬ್ಬರು ಮಕ್ಕಳವರೆಗೆ. ಈ ಸಾಲಿಗೆ ವರ್ಷಕ್ಕೆ ಒಂದು ಮಗುವಿಗೆ 1,200. ಹೊಸ ಪದ್ಧತಿಯಲ್ಲಿ ಆ ನೂರೂ ಇಲ್ಲ. ವಿದ್ಯಾರ್ಥಿವೇತನ ಮಾತ್ರ ಎರಡೂ ಪದ್ಧತಿಯಲ್ಲಿ ತೆರಿಗೆ ಮುಕ್ತ.

ಸಾಧನಕೇರಿ_ಧಾರವಾಡ

ಎಲ್ಲರಿಗೂ ಧನ್ಯವಾದ. ಹಾಗಾದರೆ ಹೊಸ ಪದ್ಧತಿ ಅಂತಲೇ ಬರೆದುಕೊಡುತ್ತೇನೆ. ಮುಂದೆ ರಿಟರ್ನ್ ಹಾಕುವಾಗ ಮನಸ್ಸು ಬದಲಾದರೆ? ಬಡ್ಡಿ ಸರ್ಟಿಫಿಕೇಟ್ ಈಗಲೇ ತಗೊಂಡಿಡಬೇಕಾ?

ಬೆಟಗೇರಿ_ಗದಗ

ಪಗಾರದಾರರಿಗೆ ಡಿಡಿಒ ಹತ್ತಿರ ಹೇಳಿದ್ದೇ ಕೊನೆಯಲ್ಲ, ರಿಟರ್ನಿನಲ್ಲಿ ಬದಲಿಸಬಹುದು. ಷರತ್ತು ಒಂದೇ: ಹಳೇ ಪದ್ಧತಿ ಬೇಕಾದರೆ ಗಡುವಿನೊಳಗೆ, ಅಂದರೆ ಜುಲೈ 31ರೊಳಗೆ ಹಾಕಬೇಕು. ತಡವಾದ ರಿಟರ್ನಿನಲ್ಲಿ ಹೊಸ ಪದ್ಧತಿ ಬಿಟ್ಟು ಬೇರೆ ದಾರಿಯಿಲ್ಲ. ವ್ಯಾಪಾರ, ವೃತ್ತಿ ಆದಾಯ ಇರುವವರಿಗೆ ನಿಯಮ ಬೇರೆ, ಅವರು ಫಾರ್ಮ್ 10–ಐಇಎ ತುಂಬಬೇಕು.

ಸರ್ಟಿಫಿಕೇಟ್ ಈಗ ಕೊಡುವುದು ತಾತ್ಕಾಲಿಕ, ಏಪ್ರಿಲ್ ಮೊದಲ ವಾರ ಅಂತಿಮದ್ದನ್ನು ಕೇಳಿ ಪಡೆಯಿರಿ. ಅದರಲ್ಲಿ ಮೂರು ಕಡೆ ಕಣ್ಣಾಡಿಸಿ. ಒಂದು, ಖಾತೆಗೆ ಹಾಕಿದ ಬಡ್ಡಿ ಎಷ್ಟು, ನೀವು ಕಟ್ಟಿದ ಬಡ್ಡಿ ಎಷ್ಟು ಎಂದು ಬೇರೆ ಬೇರೆ ಕಾಣಬೇಕು. ವಿನಾಯಿತಿ ಕಟ್ಟಿದ್ದಕ್ಕೆ ಮಾತ್ರ. ಕೇಂದ್ರದ ಬಡ್ಡಿ ಸಹಾಯಧನ ಜಮಾ ಆಗಿದ್ದರೆ ಅದು ನೀವು ಕಟ್ಟಿದ್ದಲ್ಲ, ಕಳೆದುಬಿಡಿ. ಎರಡು, ಮಂಜೂರಾದ ದಿನಾಂಕ, ಸಾಲದ ಮೊತ್ತ, ಮಾರ್ಚ್ 31ಕ್ಕೆ ಬಾಕಿ, ಖಾತೆ ನಂಬರು. ಹಳೇ ಪದ್ಧತಿಯಲ್ಲಿ ರಿಟರ್ನಿನ 80ಇ ಕೋಷ್ಟಕ ಹೋದ ವರ್ಷದಿಂದ ಇಷ್ಟನ್ನೂ ಕೇಳುತ್ತದೆ, ಬರೀ ಮೊತ್ತ ಬರೆದರೆ ಮುಂದಕ್ಕೆ ಹೋಗುವುದಿಲ್ಲ. ಮೂರು, ಬ್ಯಾಂಕಿನ ಹೆಸರು. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮೇ 1, 2025ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಸೇರಿಹೋಗಿದೆ. ಮಂಜೂರಾತಿ ಪತ್ರದಲ್ಲಿ ಹಳೇ ಹೆಸರು, ಸರ್ಟಿಫಿಕೇಟಿನಲ್ಲಿ ಹೊಸದು ಇರುತ್ತದೆ. ರಿಟರ್ನಿನಲ್ಲಿ ಸರ್ಟಿಫಿಕೇಟ್ ಮೇಲಿನ ಹೆಸರು ಮತ್ತು ನಂಬರನ್ನೇ ಹಾಕಿ, ಎರಡೂ ಕಾಗದವನ್ನು ಒಂದೇ ಫೈಲಿನಲ್ಲಿ ಇಡಿ.

ಉಣಕಲ್_ದಂಡಿ

ರಿಫಂಡ್ ಕೊಡಸ್ತೀನಿ, ಇಷ್ಟು ಪರ್ಸೆಂಟ್ ಕೊಡ್ರಿ ಅಂತ ವಾಟ್ಸಾಪ್‌ನ್ಯಾಗ ಬರವ್ರ ಕಡೆ ಹೋಗಬ್ಯಾಡ್ರಿ. ಇಲ್ಲದ ಸಾಲಕ್ಕ 80ಇ ಹಾಕೂದು ಅವರ ಹಳೇ ಆಟ. ಜುಲೈ 2025ರಾಗ ಇಲಾಖೆಯವರು ಇಂಥಾ ಸುಳ್ಳು ಕಡಿತದ ಮ್ಯಾಲೆ ದೇಶದ ತುಂಬ ತಪಾಸಣಿ ಮಾಡಿದ್ರು, 80ಇನೂ ಆ ಪಟ್ಟಿಯೊಳಗ ಇತ್ತು. ಸುಳ್ಳು ಅಂತ ಸಿದ್ಧ ಆದ್ರ ತೆರಿಗಿ, ಬಡ್ಡಿ, ಮ್ಯಾಲೆ ತೆರಿಗಿಯ ಎರಡು ಪಟ್ಟು ದಂಡ. ಪರ್ಸೆಂಟ್ ತಗೊಂಡಾವ ಆ ಹೊತ್ತಿಗೆ ಫೋನ್ ಎತ್ತೂದಿಲ್ಲ. ಈಗಾಗಲೇ ಯಾರರ ಹಂಗ ಹಾಕಿಸಿದ್ರ ನೋಟಿಸ್ ಬರೂದ್ರೊಳಗ ಐಟಿಆರ್–ಯು (ಹಿಂದಿನ ರಿಟರ್ನ್ ತಿದ್ದೂ ಫಾರ್ಮ್) ಹಾಕಿ ತಿದ್ದಕೋರಿ. ಮೊದಲನೇ ವರ್ಷದೊಳಗ ತಿದ್ದಿದ್ರ ತೆರಿಗಿ ಮತ್ತ ಬಡ್ಡಿ ಮ್ಯಾಲೆ ಶೇ.25 ಹೆಚ್ಚುವರಿ, ಎರಡನೇ ವರ್ಷಕ್ಕ ಶೇ.50, ಮೂರಕ್ಕ 60, ನಾಕಕ್ಕ 70.